ಗುಟುರು ಹಾಕದ ಎಂಜಿನ್

ಹರಿಹರದಲ್ಲಿ ಹೊಳೆಗೆ ಹೋಗೋ ದಾರಿಯಲ್ಲಿ ಲಾರಿ ಡ್ರೈವರುಗಳದೇ ಒಂದು ಓಣಿ ಇತ್ತು. ಆ ಓಣಿಯಲ್ಲಿ ಕೊಟ್ರಬಸಣ್ಣ ಅನ್ನೋ ಡ್ರೈವರ್ ಇದ್ದ. ಅವನದು ಮೂಗು ಮುಂದಕ್ಕೆ ಚಾಚಿದ ಹಳೇ ಕಾಲದ ಲಾರಿ. ಈಗಿನ ಮಕ್ಕಳು ಅಂಥದ್ದನ್ನು ನೋಡಿರಲಿಕ್ಕಿಲ್ಲ, ಪಾಪ! ಬಾಗಿಲ ಮೇಲೆ ನವಿಲು, ಹಣೆ ಮೇಲೆ 'ಹೆತ್ತವರ ಆಶೀರ್ವಾದ', ಒಳಗೆ ಬಣ್ಣಬಣ್ಣದ ಕುಚ್ಚು. ಅದು ಓಣಿಗೆ ತಿರುಗಿತು ಅಂದರೆ ನಾವೆಲ್ಲ ಹುಡುಗರು ಗೋಲಿ ಬಿಟ್ಟು ಹಿಂದೆ ಓಡುತ್ತಿದ್ದೆವು. ಭತ್ತ ಹೇರಿಕೊಂಡು ದೂರದೂರ ಹೋಗುತ್ತಿದ್ದ ಕೊಟ್ರಬಸಣ್ಣ, ಬರುವಾಗ ನಾಗಪುರದ ಕಿತ್ತಳೆ ತಂದು ಒಬ್ಬೊಬ್ಬರ ಕೈಗೂ ಇಡುತ್ತಿದ್ದ. ಆ ಕಿತ್ತಳೆಯ ರುಚಿ ಈಗ ಎಲ್ಲಿ ಬರಬೇಕು, ಬಿಡಿ.

ಕೊಟ್ರಬಸಣ್ಣ ತೀರಿಕೊಂಡ. ಲಾರಿ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಟ್ಟವು. ಹೀಗೇ ಬಹಳ ವರ್ಷ ಹೋಯಿತು.

ಅವನ ಮಗ ಹಾಲೇಶನಿಗೆ ವೇಗದ ಹುಚ್ಚು. ಡ್ರ್ಯಾಗ್ ರೇಸ್ ಅಂತ ಒಂದು ಆಟ ಇದೆ. ನೇರ ರಸ್ತೆಯಲ್ಲಿ ಎರಡು ಗಾಡಿ ಪಕ್ಕಪಕ್ಕ ನಿಲ್ಲಬೇಕು, ದೀಪ ಹತ್ತಿದ ಕೂಡಲೇ ಬಿಟ್ಟ ಬಾಣದ ಹಾಗೆ ಹೋಗಿ ಗೆರೆ ಮುಟ್ಟಬೇಕು. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ. ಅಪ್ಪನ ಲಾರಿಯನ್ನೇ ಕತ್ತರಿಸಿ, ಕಟ್ಟಿ, ಆ ರೇಸಿಗೆ ಇಳಿಸುತ್ತೇನೆ ಅಂತ ಹಾಲೇಶ ಹಟ ಹಿಡಿದ.

ತಾಯಿ ನೀಲವ್ವ ಒಂದೇ ಮಾತು ಹೇಳಿದಳು. "ಬಾಡಿ ಕತ್ತರಿಸ್ಕೋ, ಬಣ್ಣ ಬದಲಿಸ್ಕೋ, ನಾ ಬ್ಯಾಡ ಅನ್ನಲ್ಲ. ಎಂಜಿನ್ ಮಾತ್ರ ನಿಮ್ಮಪ್ಪಂದೇ ಇರ್ಲಿ. ಅದಕ್ಕೇನರ ಆತು ಅಂದ್ರೆ ನಿಮ್ಮಪ್ಪ ಎರಡನೇ ಸಲ ಹೋದಂಗೆ ನನಗೆ."

ಲಾರಿ ಕತ್ತರಿಸೋ ಸದ್ದು ಕೇಳಿದ ದಿನದಿಂದ ಆಕೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಹಾಲೇಶ ಎಂಜಿನ್ನಿನ ಹೊಟ್ಟೆಯೊಳಗಿನ ಸಾಮಾನೆಲ್ಲ ಹೊಸದು ಹಾಕಿಸಿದ. ಪಕ್ಕದಲ್ಲಿ ಚೊಂಬಿನಷ್ಟು ಅಗಲ ಬಾಯಿಯ ಟರ್ಬೊ ಕೂರಿಸಿದ. ಅದು ಗರಗರ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ. ಡೀಸೆಲ್ ಬಿಡೋಕೆ ಕಂಪ್ಯೂಟರ್ ಇಟ್ಟ. ಆದರೆ ಹೊರಗಿನ ದಪ್ಪ ಕಬ್ಬಿಣದ ಬ್ಲಾಕು ಮಾತ್ರ ಅಪ್ಪನದೇ. ಅಂಥದ್ದು ಈಗ ಗುಜರಿಯಲ್ಲೂ ಸಿಗೋದಿಲ್ಲ. ಒಡೆಯಿತೋ, ಹೋಯಿತು.

ಈಗ ಅದಕ್ಕೆ ಟ್ಯೂನ್ ಮಾಡಬೇಕು. ಟ್ಯೂನ್ ಅಂದರೆ, ಯಾವಾಗ ಎಷ್ಟು ಡೀಸೆಲ್ ಬಿಡಬೇಕು, ಎಷ್ಟು ಜೋರು ತಿರುಗಬಹುದು ಅಂತ ಲ್ಯಾಪ್‌ಟಾಪ್ ಹಿಡಿದು ಎಂಜಿನ್ನಿನ ಕಂಪ್ಯೂಟರಿಗೆ ಬುದ್ಧಿ ಹೇಳೋದು. ಹಾಲೇಶನ ತಂಗಿ ಶಿವಲೀಲಾ ಆ ಕೆಲಸವನ್ನು ಕೊಯಮತ್ತೂರಿನಲ್ಲಿ ಕಲಿತು ಬಂದಿದ್ದಳು. ಅವಳು ಎರಡು ಟ್ಯೂನ್ ಬರೆದಿಟ್ಟಳು. ಒಂದು ರೇಸಿನದು. ಇನ್ನೊಂದು ಬರೀ ಎಬ್ಬಿಸೋದಕ್ಕೆ. ಎಂಜಿನ್ ಮೆಲ್ಲಗೆ ಏಳಬೇಕು, ಆಯಿಲ್ ಮೂಲೆಮೂಲೆಗೂ ಹೋಗಬೇಕು, ಎಲ್ಲಾದರೂ ಸೋರುತ್ತದೋ ನೋಡಬೇಕು, ಅಷ್ಟೇ. ಆಕ್ಸಿಲೇಟರ್ ಎಷ್ಟು ತುಳಿದರೂ ಜೋರಾಗದ ಹಾಗೆ ಅದಕ್ಕೆ ಕಡಿವಾಣ ಹಾಕಿದ್ದಳು.

"ಹುಟ್ಟಿದ ಕೂಸಿಗೆ ಅವತ್ತೇ ಹೋಳಿಗೆ ಊಟ ಹಾಕ್ತಾರೇನಣ್ಣ?" ಅಂದಳು.

ಆದರೆ ನಮ್ಮ ಓಣಿಯ ಪದ್ಧತಿ ಬೇರೆ ಇತ್ತು. ಬಿಚ್ಚಿ ಕಟ್ಟಿದ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಪೂಜೆ ಆಗಬೇಕು, ಮಂದಿ ಸೇರಬೇಕು, ಎಂಜಿನ್ ಗುಟುರು ಹಾಕಬೇಕು. ಹೊಳೆಯಾಚೆ ಕೇಳಿದರೆ ಗಟ್ಟಿ ಎಂಜಿನ್ ಅಂತ ಲೆಕ್ಕ. ಯಾರು ಮಾಡಿದರೋ ಈ ಶಾಸ್ತ್ರ! ಎಷ್ಟು ಎಂಜಿನ್ನು ಅದರಿಂದ ಹಾಳಾದವೋ ಭಗವಂತನೇ ಬಲ್ಲ.

ಪೂಜೆಯ ಬೆಳಿಗ್ಗೆ ಓಣಿಗೆ ಓಣಿಯೇ ಬಂತು. ಕೊಟ್ರಬಸಣ್ಣನ ಜೊತೆ ಲಾರಿ ಓಡಿಸಿದ್ದ ಮುದುಕ ಚಮನ್‌ಸಾಬ್ ಕುರ್ಚಿ ಹಾಕಿಸಿಕೊಂಡು ಮುಂದೆಯೇ ಕೂತ. ಹಾಲೇಶನಿಗೆ ಖುಷಿಯೋ ಖುಷಿ. ಹೊಳೆಯುವ ಟರ್ಬೊ ಎಲ್ಲರಿಗೂ ಕಾಣಲಿ ಅಂತ ಬಾನೆಟ್ಟು ಎತ್ತಿ ನಿಲ್ಲಿಸಿ, ಅದರ ಬಾಯಿಗೆ ಕಸ ಹೋಗದಂತೆ ಹಾಕಿದ್ದ ಫಿಲ್ಟರ್ ಬಿಚ್ಚಿಟ್ಟ. ಎಂಜಿನ್ನಿಗೆ ಕುಂಕುಮ ಹಚ್ಚಿ, ಮೇಲಿನಿಂದ ಸೇವಂತಿಗೆ ಹಾರ ಇಳಿಬಿಟ್ಟ. ಅದರ ತುದಿಗೆ ತಂತಿ ಸುತ್ತಿದ ಜರಿ ಗೊಂಡೆ. ಶಿವಲೀಲಾ ಅಷ್ಟರಲ್ಲಿ ಕ್ಯಾಬಿನ್ ಹತ್ತಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು. ಫಿಲ್ಟರ್ ಇಲ್ಲದ್ದು ಅವಳಿಗೆ ಗೊತ್ತಾಗಲಿಲ್ಲ.

ಗಾಲಿಗೆ ನಿಂಬೆಹಣ್ಣು ಇಟ್ಟರು. ಕಾಯಿ ಒಡೆದರು. ಹಾಲೇಶ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುವಿದ.

ಎಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಗುಡುಗುಡು, ಗುಡುಗುಡು ಅಂತ ಸಣ್ಣಗೆ ಎದ್ದಿತು. ಅಷ್ಟೇ.

ಜನ ಮುಖಮುಖ ನೋಡಿಕೊಂಡರು. ಚಮನ್‌ಸಾಬ್ ಕೂಗಿದ: "ಏನವ್ವಾ ಲೀಲಾ, ಇದು ರೇಸ್ ಗಾಡಿನೋ, ಹಿಟ್ಟಿನ ಗಿರಣಿನೋ?"

ಎಲ್ಲರೂ ಗೊಳ್ ಅಂತ ನಕ್ಕರು. ಹಾಲೇಶ ಆಕ್ಸಿಲೇಟರ್ ಒತ್ತಿದ, ಮತ್ತೆ ಒತ್ತಿದ. ಎಂಜಿನ್ ಕೇಳಬೇಕಲ್ಲ! ಅವನ ಮುಖ ಕೆಂಪಾಯಿತು.

"ಲೀಲಾ, ರೇಸಿನ ಟ್ಯೂನ್ ಹಾಕು."

"ಹಾಕಲ್ಲ ಅಣ್ಣ."

"ಓಣಿ ಮುಂದೆ ನನ್ನ ಮಾನ ಹೋಗ್ತತಿ."

"ಮಾನ ಇವತ್ತು ಹೋದ್ರೆ ನಾಳೆ ಬರ್ತತಿ. ಅಪ್ಪನ ಎಂಜಿನ್ ಹೋದ್ರೆ ಬರಲ್ಲ."

"ವರ್ಷಗಟ್ಲೆ ಕಾದೀನಿ ಇದಕ್ಕೆ!"

"ಬೇಯೋ ತನಕ ಕಾದೋನು ಆರೋ ತನಕ ಕಾಯೋಕಾಗಲ್ವಾ?"

ಹಾಲೇಶ ಲ್ಯಾಪ್‌ಟಾಪಿಗೆ ಕೈ ಹಾಕಿದ. ಅವಳು ಅದನ್ನು ಎದೆಗವಚಿಕೊಂಡಳು. ಕೆಳಗೆ ಜನ ಇನ್ನೂ ನಗುತ್ತಲೇ ಇದ್ದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು, ಸುಳ್ಳು ಯಾಕೆ ಹೇಳಲಿ. ಕೊಯಮತ್ತೂರಿನಲ್ಲಿ ಕಲಿತಿದ್ದು ಇಷ್ಟೇನಾ ಅಂತ ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಒಂದು ಗುಂಡಿ ಒತ್ತಿದ್ದರೆ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ಅವಳು ಒತ್ತಲಿಲ್ಲ.

ಅಷ್ಟರಲ್ಲಿ ಎಂಜಿನ್ ಸಣ್ಣಗೆ ಬಿಕ್ಕಿತು. ಶಿವಲೀಲಾ ಥಟ್ಟನೆ ಕೀ ತಿರುಗಿಸಿ ಬಂದ್ ಮಾಡಿ, ಕೆಳಗೆ ಹಾರಿದಳು. ನೋಡಿದರೆ ಏನು? ಸೇವಂತಿಗೆ ಹಾರ ಅರ್ಧ ಟರ್ಬೊ ಬಾಯೊಳಗೆ ಹೋಗಿದೆ! ಗಾಳಿ ಎಳೆದ ಹಾಗೆಲ್ಲ ಅದು ಮೆಲ್ಲಗೆ ಒಳಕ್ಕೆ ಸರಿದುಹೋಗಿತ್ತು. ಒಳಗಿನ ಚಕ್ರ ಪೂರ್ತಿ ನಿಲ್ಲುವ ತನಕ ಕಾದು, ಅವಳು ಹಾರವನ್ನು ಹುಷಾರಾಗಿ ಹೊರಗೆ ಎಳೆದಳು. ತಂತಿ ಗೊಂಡೆ ಚಕ್ರದಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು.

ನಗು ನಿಂತುಹೋಯಿತು. ಚಮನ್‌ಸಾಬ್ ಕುರ್ಚಿಯಿಂದ ಎದ್ದ. "ಯಾ ಅಲ್ಲಾ! ಗುಟುರು ಹಾಕಿಸಿದ್ರೆ ಒಂದೇ ಏಟಿಗೆ ತಂತಿ ಸಮೇತ ನುಂಗಿ ಎಂಜಿನ್ನೇ ಚೂರುಚೂರು ಆಗೋದು. ನನ್ನ ಬಾಯಿಗೆ ಬೆಂಕಿ ಬೀಳ!" ಅಂದ.

ಹಾಲೇಶ ಕೆಳಗಿಳಿದು ಬಂದ. ಹಾರ ಹಾಕಿದವನು ಅವನೇ, ಫಿಲ್ಟರ್ ತೆಗೆದವನೂ ಅವನೇ. ಓಡಿಹೋಗಿ ಫಿಲ್ಟರ್ ತಂದ. ತಂಗಿ ಒಳಗೆಲ್ಲ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಹೂವಿನ ಎಸಳನ್ನೆಲ್ಲ ಆರಿಸಿ ತೆಗೆದು, ಹೂಂ ಅಂದ ಮೇಲೆ ಅದನ್ನು ತಾನೇ ಬಿಗಿದ.

"ರೇಸಿನ ಟ್ಯೂನ್ ಹಾಕ್ಲಾ ಅಣ್ಣ?" ಅಂತ ಚುಡಾಯಿಸಿದಳು.

"ಸುಮ್ನಿರು ತಾಯಿ. ಅದು ಮೊದಲು ಏಳ್ಲಿ."

ಹಾಲೇಶ ಬಾನೆಟ್ಟು ಇಳಿಸಿ, ಸೀಟಿಗೆ ಹತ್ತಿ ಮತ್ತೆ ಕೀ ತಿರುವಿದ. ಮತ್ತದೇ ಗುಡುಗುಡು, ಗುಡುಗುಡು. ಈ ಸಲ ಯಾರೂ ನಗಲಿಲ್ಲ. ಕಿವಿಗೊಟ್ಟು ಕೇಳಿದರು.

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ನೀಲವ್ವ ಬಂದಳು. ಸೆರಗಿನ ತುದಿಯಲ್ಲಿ ಒಂದು ಸ್ಟೀಲ್ ಲೋಟ ಹಿಡಿದಿದ್ದಳು, ಅದರಿಂದ ಹಬೆಯಾಡುತ್ತಿತ್ತು. ಜನ ದಾರಿ ಬಿಟ್ಟರು. ಆಕೆ ಯಾರನ್ನೂ ನೋಡಲಿಲ್ಲ. ನೆಟ್ಟಗೆ ಡ್ರೈವರ್ ಬಾಗಿಲಿನ ಹತ್ತಿರ ಹೋಗಿ ಲೋಟ ಮೇಲಕ್ಕೆ ಚಾಚಿದಳು.

"ಚಾ ಬಿಸಿ ಐತಿ, ನೋಡ್ಕೊಂಡು ಕುಡೀರಿ," ಅಂದಳು.

ಆಮೇಲೆ ತಲೆ ಎತ್ತಿ ನೋಡಿದಳು. ಸೀಟಿನಲ್ಲಿ ಮಗ ಕೂತಿದ್ದ.

ಗಂಡ ಇದ್ದಷ್ಟು ವರ್ಷವೂ ಆಕೆ ಅವನು ಹೊರಡುವಾಗೆಲ್ಲ ಹೀಗೇ ಚಾ ತಂದುಕೊಟ್ಟವಳು. ಅವನು ಮೊದಲು ಎಂಜಿನ್ ಎಬ್ಬಿಸಿ, ಮೆಲ್ಲಗೆ ಕಾಯಲು ಬಿಟ್ಟು, ಇವಳ ಚಾ ಕುಡಿದೇ ಹೊರಡುತ್ತಿದ್ದ. ಇವತ್ತೂ ಒಳಗೆ ಅದೇ ಸದ್ದು ಕೇಳಿದ್ದೇ ತಡ, ಆಕೆಯ ಕೈ ತಾನಾಗಿ ಒಲೆ ಹಚ್ಚಿತ್ತು. ಹಾಲೇಶ ಎರಡೂ ಕೈಯಲ್ಲಿ ಲೋಟ ಇಸಕೊಂಡು ಕುಡಿದ. ನೀಲವ್ವ ಬಿಸಿಯೇರುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತೇ ಇದ್ದಳು.

ನೀತಿ: ಹೊಸದಾಗಿ ಏಳುವುದನ್ನು ಮೆಲ್ಲಗೆ ಏಳಲು ಬಿಡಬೇಕು. ಮಂದಿಯ ಚಪ್ಪಾಳೆ ಇವತ್ತಲ್ಲ ನಾಳೆ ಸಿಗುತ್ತದೆ. ಅದರ ಆಸೆಗೆ ಮತ್ತೆ ಸಿಗದ್ದನ್ನು ಪಣಕ್ಕಿಡಬಾರದು.