ದ್ಯಾಮಣ್ಣನ ಕಾರಿಗೆ ಯಾವ ಆಯಿಲ್?

“ಗುರುಗಳೇ, ಇಷ್ಟೊಂದು ಸಾಧನೆಗಳಲ್ಲಿ ನನಗೆ ಸರಿಯಾದದ್ದು ಯಾವುದು?” ಎಂದು ಶಿಷ್ಯ ಶಾಂತವೀರ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಶಾಂತವೀರನೇ ಮುಂದುವರಿಸಿದ. ಒಬ್ಬರು ಜಪ ಮಾಡು ಎಂದಿದ್ದರು. ಇನ್ನೊಬ್ಬರು ಜಪದಿಂದ ನಾಲಿಗೆ ಸವೆಯುತ್ತದೆ ಅಷ್ಟೇ, ಉಸಿರು ಹಿಡಿ ಎಂದಿದ್ದರು. ಮೂಗು ಹಿಡಿದು ಕೂತರೆ ಯಾರ ಹೊಟ್ಟೆ ತುಂಬೀತು, ದಾಸೋಹದ ಮನೆಗೆ ಹೋಗಿ ಸೌಟು ಹಿಡಿ ಎಂದವರೂ ಇದ್ದರು. ಎಲ್ಲವನ್ನೂ ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ. ಅದು ಹನ್ನೊಂದು ವರ್ಷದ ಬರಹ.

“ಸರಿಯಾದದ್ದು ಇದೇ ಎಂದು ಗೊತ್ತಾದರೆ ನಾಳೆಯೇ ಶುರು ಮಾಡುತ್ತೇನೆ. ತಪ್ಪು ದಾರಿ ಹಿಡಿದು ಇದ್ದೊಂದು ಜನ್ಮ ಹಾಳಾಗಬಾರದಲ್ಲ, ಗುರುಗಳೇ” ಎಂದ.

“ಅದೂ ನಿಜವೇ. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಹೆಸರು ದ್ಯಾಮಣ್ಣ ಎಂದಿಟ್ಟುಕೋ. ಹದಿನಾರು ವರ್ಷ ಬೇರೆಯವರ ಕಾರು ಓಡಿಸಿದ್ದ. ಓಡಿಸುವುದರಲ್ಲಿ ಅವನ ಸಮಕ್ಕೆ ನಿಲ್ಲುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಅವನ ಗಾಡಿಯಲ್ಲಿ ಕೂತವರು ಊರು ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ಆದರೆ ಆ ಹದಿನಾರು ವರ್ಷದಲ್ಲಿ ಅವನು ಒಂದು ಕೆಲಸವನ್ನು ಒಮ್ಮೆಯೂ ಮಾಡಿರಲಿಲ್ಲ. ಟೈರು ಯಾವುದು ಹಾಕಿಸಬೇಕು, ಆಯಿಲ್ ಯಾವುದು ಹಾಕಿಸಬೇಕು ಎಂಬುದನ್ನೆಲ್ಲ ಧಣಿ ಹೇಳುತ್ತಿದ್ದ, ಇವನು ಹಾಕಿಸಿಕೊಂಡು ಬರುತ್ತಿದ್ದ. ಸರಿಯಾದರೂ ಧಣಿಯದು, ತಪ್ಪಾದರೂ ಧಣಿಯದು. ಇವನಿಗೆ ರಾತ್ರಿ ಒಳ್ಳೆಯ ನಿದ್ದೆ.

ಹದಿನೇಳನೆಯ ವರ್ಷ ಅವನೇ ಒಂದು ಹಳೆಯ ಕಾರು ಕೊಂಡ. ಸ್ವಂತದ್ದು. ಮನೆಯ ಮುಂದೆ ನಿಲ್ಲಿಸಿ, ನಿಂಬೆಹಣ್ಣು ಕಟ್ಟಿ, ಗಾಲಿಗೆ ಕುಂಕುಮ ಹಚ್ಚಿದಾಗ ಅವನ ಹೆಂಡತಿ ಕಣ್ಣು ಒರೆಸಿಕೊಂಡಳು. “ಇನ್ನು ಕೀಲಿಕೈಗಾಗಿ ಯಾರ ಬಾಗಿಲಲ್ಲೂ ನಿಲ್ಲಬೇಡಿ” ಎಂದಳು. ಅವಳದೂ ಒಂದು ಆಸೆಯಿತ್ತು. ಮದುವೆಯಾದಾಗಿನಿಂದ ತವರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದಳು. ಬರುವ ತಿಂಗಳು ತಮ್ಮನ ಮದುವೆ. ಆ ಮದುವೆಗೆ ಸ್ವಂತ ಕಾರಿನಲ್ಲಿ ಹೋಗಿ ಇಳಿಯಬೇಕು. “ಇಳಿಸುತ್ತೇನೆ, ಹಂದರದ ಬಾಗಿಲಿಗೇ ಇಳಿಸುತ್ತೇನೆ” ಎಂದು ದ್ಯಾಮಣ್ಣ ಮಾತು ಕೊಟ್ಟ.

ಕಾರು ಚೆನ್ನಾಗಿಯೇ ಇತ್ತು. ಹಳೆಯ ಎಂಜಿನ್, ಸ್ವಲ್ಪ ಆಯಿಲ್ ಕುಡಿಯುತ್ತಿತ್ತು. ಅದೇನು ದೊಡ್ಡ ರೋಗವಲ್ಲ. ವಯಸ್ಸಾದವರಿಗೆ ನಡುನಡುವೆ ಒಂದು ಲೋಟ ಚಹಾ ಬೇಕಲ್ಲ, ಹಾಗೆ. ಒಂದು ದಿನ ಬೆಳಿಗ್ಗೆ ದ್ಯಾಮಣ್ಣ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿದ. ಆಯಿಲ್ ಕೆಳಗಿನ ಗೆರೆಗೆ ಇಳಿದಿತ್ತು. ಹಾಕಬೇಕು ಎಂದುಕೊಂಡ. ಯಾವುದು ಹಾಕಬೇಕು? ಜೀವಮಾನದಲ್ಲಿ ಮೊದಲ ಸಲ ಆ ಪ್ರಶ್ನೆ ಅವನ ಹೆಗಲಿಗೆ ಬಿತ್ತು. ಸುತ್ತ ನೋಡಿದ. ಹೇಳಲು ಧಣಿ ಇರಲಿಲ್ಲ.

ನೇರವಾಗಿ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದ. ಮೇಸ್ತ್ರಿ ಎಂಜಿನ್ನಿಗೆ ಕಿವಿಗೊಟ್ಟು ಕೇಳಿದ. “ಒಳಗೆಲ್ಲ ಸವೆದಿದೆ. ದಪ್ಪ ಆಯಿಲ್ ಹಾಕು. ತೆಳುವಾದದ್ದು ಹಾಕಿದರೆ ಸಂದಿಯಲ್ಲಿ ನಿಲ್ಲುವುದಿಲ್ಲ” ಎಂದ. ಮಾತು ಒಪ್ಪುವಂತಿತ್ತು. ದ್ಯಾಮಣ್ಣ ದಪ್ಪ ಆಯಿಲಿನ ಒಂದು ಡಬ್ಬಿ ತೆಗೆದುಕೊಂಡ. ಅಲ್ಲೇ ಹಾಕಿಬಿಟ್ಟಿದ್ದರೆ ಕತೆ ಮುಗಿದು ಹೋಗುತ್ತಿತ್ತು, ನಾನೂ ಇಷ್ಟು ಹೊತ್ತಿಗೆ ಹುಣಸೆಹಣ್ಣು ಮುಗಿಸುತ್ತಿದ್ದೆ. ಆದರೆ ಒಬ್ಬನನ್ನೇ ಕೇಳಿ ಹಾಕುವುದು ಹೇಗೆ, ಇದು ಸ್ವಂತ ಕಾರು ಎಂದುಕೊಂಡ. ಬಿಡಿಭಾಗದ ಅಂಗಡಿಯವನನ್ನೂ ಒಂದು ಮಾತು ಕೇಳಿದ.

ಅಂಗಡಿಯವನು ಡಬ್ಬಿ ನೋಡಿದವನೇ ಹಣೆ ಬಡಿದುಕೊಂಡ. “ಅಯ್ಯೋ ಮಹರಾಯ, ದಪ್ಪ ಆಯಿಲಾ? ಬೆಳಗಿನ ಚಳಿಗೆ ಅದು ಅಂಬಲಿಯಂತೆ ಗಟ್ಟಿಯಾಗುತ್ತದೆ. ಮೇಲೇರುವಷ್ಟರಲ್ಲಿ ಎಂಜಿನ್ ಒಣಗಿ ಉಜ್ಜಿಕೊಂಡಿರುತ್ತದೆ. ತೆಳುವಾದದ್ದು ಹಾಕು.” ಅದೂ ಒಪ್ಪುವಂತಿತ್ತು. ದ್ಯಾಮಣ್ಣ ಇನ್ನೊಂದು ಡಬ್ಬಿ ತೆಗೆದುಕೊಂಡ. ಡಿಕ್ಕಿಯಲ್ಲಿ ಎರಡಾದವು.

ಸಂಜೆ ಹೆಂಡತಿಯ ಸೋದರಮಾವ ಬಂದ. ಲಾರಿ ಓಡಿಸಿ ತಲೆ ಹಣ್ಣಾದವನು. ಸುದ್ದಿ ಕೇಳಿ ನಕ್ಕ. “ಅಳಿಯಾ, ಅಂಗಡಿಯವರ ಮಾತು ಬಿಡು. ಇಪ್ಪತ್ತು ವರ್ಷದಿಂದ ನನ್ನ ಲಾರಿ ಕುಡಿಯುವ ಆಯಿಲ್ ಇದು. ಒಂದು ದಿನವೂ ಕೆಮ್ಮಿಲ್ಲ” ಎಂದು ತನ್ನ ಲಾರಿಯಿಂದಲೇ ಒಂದು ಡಬ್ಬಿ ಇಳಿಸಿಕೊಟ್ಟ. ಲಾರಿಯ ಆಯಿಲ್ ಕಾರಿಗೆ ಆದೀತೇ ಎಂದು ಕೇಳಬೇಕೆಂದು ದ್ಯಾಮಣ್ಣನ ಬಾಯಿತನಕ ಬಂತು. ಹೆಂಡತಿಯ ಸೋದರಮಾವ. ಬೇಡ ಎನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಡಿಕ್ಕಿಯಲ್ಲಿ ಮೂರಾದವು.

ನಾಲ್ಕನೆಯದು ಬಾಡಿಗೆಗೆ ಬಂದ ಒಬ್ಬ ಮೇಷ್ಟರು ಕೊಡಿಸಿದ್ದು. ಅವರು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಓದಿ ಓದಿ ಹೇಳಿದರು. ಈಗ ಜಗತ್ತೆಲ್ಲ ಸಿಂಥೆಟಿಕ್ ಆಯಿಲಿಗೆ ಹೋಗಿದೆಯಂತೆ, ಉಳಿದದ್ದೆಲ್ಲ ಹಳೆಯ ಕಾಲದ್ದಂತೆ.

ದ್ಯಾಮಣ್ಣನ ತಲೆ ಕೆಟ್ಟು ಮೊಸರಾಯಿತು. ಕಾರಿನ ಜೊತೆ ಬಂದ ಪುಸ್ತಕವನ್ನು ಹುಡುಕಿ ತೆಗೆದು, ಓದು ಬಲ್ಲವರಿಂದ ಓದಿಸಿದ. ಪುಸ್ತಕವೂ ಒಂದನ್ನೇ ಹೇಳಲಿಲ್ಲ. ಚಳಿಯಿದ್ದರೆ ಇದು, ಸೆಕೆಯಿದ್ದರೆ ಅದು ಎಂದಿತ್ತು. ಅವನ ಊರಿನಲ್ಲಿ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಏನು ಮಾಡಿಯಾನು?

ತಮಾಷೆ ನೋಡು, ಹೇಳಿದವರೆಲ್ಲರೂ ಒಂದು ವಿಷಯದಲ್ಲಿ ಮಾತ್ರ ಒಪ್ಪಿದ್ದರು. “ಯಾವುದನ್ನು ಬೇಕಾದರೂ ಹಾಕು, ಒಂದಕ್ಕೊಂದು ಬೆರೆಸಬೇಡ.” ಹೀಗಾಗಿ ಸದ್ಯಕ್ಕೆ ಒಂದಿಷ್ಟು ಸುರಿದುಕೊಳ್ಳೋಣ ಎಂಬುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ. ಇವತ್ತು ಇದನ್ನು ಸುರಿದು, ನಾಳೆ ಅದೇ ಸರಿ ಎಂದು ಗೊತ್ತಾದರೆ? ಸುರಿದದ್ದನ್ನು ಹಿಂದಕ್ಕೆ ತೆಗೆಯಲಾದೀತೇ?

ಕೊನೆಗೆ ಮನುಷ್ಯರ ಸಹವಾಸವೇ ಬೇಡ ಎಂದು ದುರ್ಗವ್ವನ ಗುಡಿಗೆ ಹೋದ. ಹೂವು ಕೇಳಿದ. “ಅವ್ವಾ, ದಪ್ಪ ಆಯಿಲ್ ಆದರೆ ಬಲಗಡೆ ಕೊಡು, ತೆಳುವಾದದ್ದಾದರೆ ಎಡಗಡೆ ಕೊಡು” ಎಂದು ಕಣ್ಣು ಮುಚ್ಚಿ ಕೂತ. ಅವ್ವ ತಡ ಮಾಡಲಿಲ್ಲ. ಪೂಜಾರಿ ಮಂಗಳಾರತಿಗೆ ಬತ್ತಿ ಹೊಸೆಯುವ ಮೊದಲೇ ಹೂವು ಬಿತ್ತು. ದ್ಯಾಮಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ ಅಳುವೇ ಬಂತು. ಅಡ್ಡಬಿದ್ದು ಎದ್ದ. ಎದ್ದು ನಿಂತಾಗ ಒಂದು ಸಂಶಯ ಬಂತು. ಹೂವು ಬಿದ್ದದ್ದು ಅವ್ವನ ಬಲಗಡೆ. ಎದುರು ನಿಂತ ಇವನಿಗೆ ಅದು ಎಡಗಡೆ. ತಾನು ಕೇಳಿದ್ದು ಯಾರ ಬಲ?

ಪೂಜಾರಿಯನ್ನು ಕೇಳಿದ. “ಬಲ ಎಂದರೆ ದೇವರ ಬಲವೇ. ಆದರೆ ಕೇಳಿದವನು ನೀನು. ಕೇಳುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು?” ಎಂದ ಪೂಜಾರಿ. ಮನಸ್ಸಿನಲ್ಲಿ ಏನಿತ್ತು ಎಂದು ದ್ಯಾಮಣ್ಣ ಎಷ್ಟು ನೆನೆದರೂ ನೆನಪಾಗಲಿಲ್ಲ. ಇನ್ನೊಮ್ಮೆ ಕೇಳಲು ಹೆದರಿದ. ಅವ್ವ ಕೊಟ್ಟ ಮೇಲೂ ಕೇಳಿದರೆ ಸಿಟ್ಟಾಗುತ್ತಾಳೆ. ಪ್ರಸಾದ ಕಣ್ಣಿಗೊತ್ತಿಕೊಂಡು ಮನೆಗೆ ಬಂದ. ಹೋಗುವಾಗ ಇದ್ದ ಗೊಂದಲಕ್ಕೆ ಈಗ ದೇವರ ಭಯವೂ ಸೇರಿತು.

ಆಮೇಲೆ ಅವನು ಕಡ್ಡಿ ಎಳೆದು ನೋಡುವುದನ್ನೇ ಬಿಟ್ಟ. ನೋಡಿದರೆ ಹಾಕಬೇಕಲ್ಲ! ದಿನವೂ ಬಾಡಿಗೆಗೆ ಹೋದ, ದಿನವೂ ಯಾರನ್ನಾದರೂ ಕೇಳಿದ. ಪೆಟ್ರೋಲ್ ಬಂಕಿನಲ್ಲಿ, ಚಹಾದ ಅಂಗಡಿಯಲ್ಲಿ, ಸ್ಟ್ಯಾಂಡಿನಲ್ಲಿ ಎಲ್ಲೆಲ್ಲೂ ಅದೇ ಮಾತು. ಕೇಳಿ ಕೇಳಿ ಅವನಿಗೆ ಆಯಿಲಿನ ವಿಷಯ ಎಷ್ಟು ತಿಳಿಯಿತೆಂದರೆ ಬೇರೆ ಡ್ರೈವರುಗಳು ಬಂದು ಅವನನ್ನೇ ಕೇಳತೊಡಗಿದರು. ಅವನು ಅವರಿಗೆಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅವರು ಹೋಗಿ ಹಾಕಿಕೊಳ್ಳುತ್ತಿದ್ದರು.

ಮದುವೆಯ ದಿನ ಬಂತು. ಹೆಂಡತಿ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಮಡಿಲಲ್ಲಿ ತಮ್ಮನಿಗೆ ಉಡುಗೊರೆಯ ಬಟ್ಟೆ. ಊರು ದಾಟುವವರೆಗೆ ಕಂಡ ಕಂಡವರಿಗೆಲ್ಲ ಕೈ ಬೀಸಿದಳು. ಅರ್ಧ ದಾರಿ ಕಳೆಯಿತು. ಆಗ ದ್ಯಾಮಣ್ಣನ ಎದುರು ಒಂದು ಕೆಂಪು ದೀಪ ಹತ್ತಿತು. ಎಣ್ಣೆಯ ಗಿಂಡಿಯ ಚಿತ್ರವಿರುವ ದೀಪ. ಹದಿನಾರು ವರ್ಷ ಓಡಿಸಿದವನಿಗೆ ಅದರ ಅರ್ಥ ಗೊತ್ತಿಲ್ಲದೆ ಇರುತ್ತದೆಯೇ?

ಗಾಡಿ ಪಕ್ಕಕ್ಕೆ ಹಾಕಿದ. ಇಳಿದು ಹೋಗಿ ಡಿಕ್ಕಿ ತೆಗೆದ. ನಾಲ್ಕು ಡಬ್ಬಿಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿಯದಕ್ಕೆ ಕೈ ಹಾಕಿದ, ಅಂಗಡಿಯವನ ಮಾತು ನೆನಪಾಯಿತು. ಅಂಗಡಿಯವನದಕ್ಕೆ ಕೈ ಹಾಕಿದ, ಅವ್ವನ ಹೂವು ನೆನಪಾಯಿತು. ಇವತ್ತು ಲಾರಿಯ ಸೋದರಮಾವ ಮದುವೆಗೆ ಬಂದಿರುತ್ತಾನೆ, ಯಾವುದು ಹಾಕಿದೆ ಎಂದು ಕೇಳದೆ ಬಿಡುವುದಿಲ್ಲ. ಇಷ್ಟು ದಿನ ಕಾದು, ಈಗ ಅವಸರದಲ್ಲಿ ಯಾವುದೋ ಒಂದನ್ನು ಸುರಿಯುವುದೇ? ಎಂಟು ಕಿಲೋಮೀಟರು ಹೋದರೆ ಮದುವೆ ಮನೆ. ಅದರ ಈಚೆಯ ಹಳ್ಳಿಯಲ್ಲಿ ಒಬ್ಬ ಒಳ್ಳೆಯ ಮೇಸ್ತ್ರಿ ಇದ್ದಾನಂತೆ. ಅವನನ್ನು ಕೇಳಿಯೇ ಹಾಕೋಣ ಎಂದುಕೊಂಡು ಡಿಕ್ಕಿ ಮುಚ್ಚಿದ.

“ಏನಾಯಿತು?” ಎಂದಳು ಹೆಂಡತಿ.

“ಏನಿಲ್ಲ” ಎಂದ.

ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನ್ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬಂತು. ಕಾರು ಒಮ್ಮೆ ಜಗ್ಗಿ ನಿಂತಿತು. ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಬಾನೆಟ್ಟಿನ ಸಂದಿಯಿಂದ ಸುಟ್ಟ ವಾಸನೆಯ ಹೊಗೆ ಎದ್ದಿತು. ದ್ಯಾಮಣ್ಣ ಸ್ಟಿಯರಿಂಗ್ ಹಿಡಿದುಕೊಂಡೇ ಕೂತ. ಹೆಂಡತಿ ಇಳಿದಳು. ನೀರಿನ ಬಾಟಲಿ ತೆಗೆಯಲೆಂದು ಡಿಕ್ಕಿ ತೆರೆದಳು. ಅವಳಿಗೆ ಕಾರಿನ ವಿಷಯ ಏನೂ ತಿಳಿಯದು, ಆದರೆ ಡಬ್ಬಿಯ ಮೇಲಿನ ಚಿತ್ರ ನೋಡಲು ಬರುತ್ತಿತ್ತು.

“ರೀ, ಇಲ್ಲಿ ಇಷ್ಟೊಂದು ಆಯಿಲ್ ಇದೆಯಲ್ಲ! ಇದೆಲ್ಲ ಯಾವ ಗಾಡಿಗೆ?” ಎಂದಳು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಪಾಡು ದ್ಯಾಮಣ್ಣನದು. ಹಿಂದಿನಿಂದ ಬಸ್ಸು ಬಂತು. ಅವಳು ಉಡುಗೊರೆಯ ಗಂಟು ಎತ್ತಿಕೊಂಡು ಹತ್ತಿದಳು. ಅದರಲ್ಲಿಯೂ ನಿಂತುಕೊಂಡೇ ಹೋದಳು. ಹಂದರ ಮುಟ್ಟುವಾಗ ಅಕ್ಷತೆ ಬಿದ್ದು ಮುಗಿದಿತ್ತು. ಒಬ್ಬನೇ ತಮ್ಮ. ಅವನ ತಲೆಗೆ ಅಕ್ಕಿಕಾಳು ಹಾಕಲು ಅವಳಿಗೆ ಆಗಲಿಲ್ಲ.

ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಆ ಹಳ್ಳಿಯ ಮೇಸ್ತ್ರಿಯ ಹತ್ತಿರ ಎಳೆದು ತಂದರು. ಅವನು ಎಂಜಿನ್ ಬಿಚ್ಚಿ ನೋಡಿ ತಲೆಯಾಡಿಸಿದ. ಒಳಗೆ ಹೆಸರಿಗೂ ಒಂದು ಹನಿ ಆಯಿಲ್ ಇರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಒಂದಾಗಿತ್ತು. “ಇದು ಇನ್ನು ಗುಜರಿಗೆ” ಎಂದ. ಆಮೇಲೆ ಡಿಕ್ಕಿಯ ಕಡೆ ಕಣ್ಣು ಹೋಯಿತು. ಒಂದೊಂದೇ ಡಬ್ಬಿ ಎತ್ತಿ, ಸೀಲು ಒಡೆಯದೆ ಇರುವುದನ್ನು ನೋಡಿ, ಮತ್ತೆ ಸಾಲಾಗಿ ಇಟ್ಟ.

“ಅಣ್ಣಾ, ಕಣ್ಣು ಮುಚ್ಚಿ ಇದರಲ್ಲಿ ಯಾವುದನ್ನಾದರೂ ಸುರಿದಿದ್ದರೆ ನಿನ್ನ ಕಾರು ಇಷ್ಟು ಹೊತ್ತಿಗೆ ಮದುವೆ ಮನೆಯ ಮುಂದೆ ಇರುತ್ತಿತ್ತು” ಎಂದ.

ದ್ಯಾಮಣ್ಣ ಈಗಲೂ ಕಾರು ಓಡಿಸುತ್ತಾನೆ. ಧಣಿಯ ಕಾರು. ಬೆಳಿಗ್ಗೆ ಹೋಗಿ ಕೀಲಿಕೈಗಾಗಿ ಬಾಗಿಲಲ್ಲಿ ನಿಲ್ಲುತ್ತಾನೆ.

ಗುರುಗಳು ಇಷ್ಟು ಹೇಳಿ ಮಡಿಲಿನ ಬೀಜಗಳನ್ನು ಕೊಡವಿದರು. ಶಾಂತವೀರ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆ ಹೆಂಗಸನ್ನು ನೆನೆದು ನಿಜವಾಗಿಯೂ ಸಂಕಟವಾಗಿತ್ತು. ಕತೆಯ ತಾತ್ಪರ್ಯವೂ ತಿಳಿದಂತೆ ಅನಿಸಿತ್ತು. ಆದರೆ ಏನೋ ಒಂದು ಒಳಗೆ ಕೊರೆಯುತ್ತಲೇ ಇತ್ತು. ನೋಟ್‌ಬುಕ್ಕು ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದ.

“ತಿಳಿಯಿತು ಗುರುಗಳೇ. ಒಂದೇ ಒಂದು ಸಂಶಯ. ಮೇಸ್ತ್ರಿಯದು, ಅಂಗಡಿಯವನದು, ಮಾವನದು, ಮೇಷ್ಟರದು, ಆ ನಾಲ್ಕರಲ್ಲಿ ಆ ಕಾರಿಗೆ ನಿಜವಾಗಿ ಸರಿಯಾದ ಆಯಿಲ್ ಯಾವುದಾಗಿತ್ತು?”

ಗುರುಗಳು ಅವನ ಮುಖವನ್ನೇ ನೋಡಿದರು.

“ಕಾರೇ ಹೋಯಿತು ಎಂದೆನಲ್ಲೋ ಮಗನೇ, ನೀನಿನ್ನೂ ಆಯಿಲ್ ಕೇಳುತ್ತಿದ್ದೀಯ.”