ಇಳಿಯದವ್ವನ ಗುಡ್ಡ

ಮೊದಲು ಒಂದು ಒಗಟು ಹೇಳುತ್ತೇನೆ, ಒಡೆಯಿರಿ ನೋಡೋಣ. ಕೋಟೆ ಕಟ್ಟಿದವರು ಹೊರಗೆ ನಿಂತರು, ಕೀಲಿ ಒಳಗಿದ್ದವಳ ನಾಲಿಗೆಯ ಮೇಲಿತ್ತು. ಏನದು? ನಿಮಗೆ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಮ್ಮ ಹೆಡ್‌ಮಾಸ್ತರರಿಗೂ ಬರಲಿಲ್ಲ. ಅವರಿಗೆ ಬರದಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು.

ಹಾಲಗುಂಡಿಯ ಮೂಡಣಕ್ಕೆ ಒಂದರ ಮೇಲೊಂದು ಗುಂಡುಗಲ್ಲು ಪೇರಿಸಿದ ಹಾಗೆ ನಿಂತಿರುವುದೇ ಇಳಿಯದವ್ವನ ಗುಡ್ಡ. ಹುಲ್ಲು ಕಡಿಮೆ, ನೆರಳು ಇನ್ನೂ ಕಡಿಮೆ. ಅರ್ಧ ಹತ್ತಿದರೆ ತಲೆ ಬಗ್ಗಿಸಿ ನುಗ್ಗಬೇಕಾದ ಒಂದು ಚಪ್ಪಡಿಕಲ್ಲಿನ ಗುಡಿ ಸಿಗುತ್ತದೆ. ಒಳಗೆ ಹಸಿರು ಸೀರೆ ಉಟ್ಟು, ಬೆಳ್ಳಿಯ ಕಣ್ಣು ಹಚ್ಚಿಕೊಂಡ ಕಲ್ಲೊಂದು ಇದೆ; ಅದೇ ಇಳಿಯದವ್ವ. ಪೂಜಾರಿ ಗದ್ದೆಪ್ಪ ಬಂದವರಿಗೆಲ್ಲ ಕಥೆ ಹೇಳುತ್ತಾನೆ: ಈ ತಾಯಿ ಮಹಾಪತಿವ್ರತೆ, ಗಂಡನ ಆಯುಷ್ಯ ಹೆಚ್ಚಲೆಂದು ಇಲ್ಲಿ ತಪಸ್ಸಿಗೆ ಕೂತವಳು ಮತ್ತೆ ಇಳಿಯಲೇ ಇಲ್ಲ, ತಪಸ್ಸಿನಲ್ಲಿಯೇ ಕಲ್ಲಾದಳು. ಹೆಂಗಸರು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ನನಗೆ ಮಾತ್ರ ಈ ಕಥೆಯ ಮೇಲೆ ಮೊದಲಿನಿಂದಲೂ ಗುಮಾನಿ. ಗಂಡನ ಮೇಲೆ ಅಷ್ಟು ಪ್ರೀತಿ ಇದ್ದವಳು ಊರಿಗೆ ಬೆನ್ನು ತಿರುಗಿಸಿ ಯಾಕೆ ಕೂತಳು? ಅಲ್ಲದೆ ನಮ್ಮ ಸೀಮೆಯಲ್ಲಿ ಕಲ್ಲಾದ ಹೆಂಗಸರು ಗುಡ್ಡಕ್ಕೊಬ್ಬರಂತೆ ಇದ್ದಾರೆ. ಕಲ್ಲಾದ ಗಂಡಸನ್ನು ಒಬ್ಬನನ್ನಾದರೂ ತೋರಿಸಿ ಎಂದು ಕೇಳಿದ್ದಕ್ಕೆ ಗದ್ದೆಪ್ಪ ಪ್ರಸಾದದ ಕೊಬ್ಬರಿಯನ್ನು ಕಿತ್ತುಕೊಂಡ. ಹಾಗಾಗಿ ನಾನು ನನ್ನ ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಅದೂ ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿಕೊಂಡು.

ಹಿಂದೆ ಒಮ್ಮೆ, ಹಾಲಗುಂಡಿಗೆ ಮಣ್ಣಿನ ಕೋಟೆ ಇದ್ದ ಕಾಲದಲ್ಲಿ, ಈಗಿನ ಗುಡಿ ಗುಡಿಯಾಗಿರಲಿಲ್ಲ ಎನ್ನುತ್ತಾರೆ. ತಿಂಗಳಿಗೊಮ್ಮೆ ಹೊರಗಾದ ಹೆಂಗಸರನ್ನು ಕೂರಿಸಲು ಊರ ಹಿರಿಯರು ಕಟ್ಟಿಸಿದ ಮನೆ ಅದು. ಅದರ ಸುತ್ತ ಬೂದಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ಗಂಡಸಾದವನು ಗೆರೆ ದಾಟಿದರೆ ಅವನ ಮನೆದೇವರು ಮನೆ ಬಿಟ್ಟು ಹೋಗುತ್ತದೆ, ಅವನು ಮತ್ತೆ ಪಂಚರ ಕಟ್ಟೆ ಹತ್ತುವಂತಿಲ್ಲ, ತಲೆಗೆ ರುಮಾಲು ಸುತ್ತುವಂತಿಲ್ಲ. ಹಿರಿಯರು ಇಷ್ಟಕ್ಕೇ ಬಿಟ್ಟಿದ್ದರೆ ಈ ಗುಡ್ಡಕ್ಕೆ ಹೆಸರೇ ಬರುತ್ತಿರಲಿಲ್ಲ. ಆದರೆ ಮಡಿಯ ವಿಷಯದಲ್ಲಿ ಅವರದು ಬಲು ಉಮೇದು. ಹೆಂಗಸರ ಆ ದಿನಗಳನ್ನು ಗಂಡಸು ಬಾಯಲ್ಲಿ ಎಣಿಸಿದರೂ ಮೈಲಿಗೆಯೇ ಎಂದು ಕಟ್ಟಳೆ ಮಾಡಿದರು. ಹಾಗಾದರೆ ಮುಗಿಯಿತೆಂದು ಗೊತ್ತಾಗುವುದು ಹೇಗೆ? ಒಳಗಿದ್ದವಳೇ ಬಂಡೆಯ ಮೇಲೆ ನಿಂತು, 'ಆತು' ಎಂದು ಕೂಗಬೇಕು. ಆಗ ಮನೆಯ ಹೆಂಗಸರು ನೀರಿನ ಕೊಡ ಹೊತ್ತು ಹತ್ತುತ್ತಾರೆ, ತಲೆಗೆ ನೀರು ಹಾಕಿ ಕರೆತರುತ್ತಾರೆ. ಅವಳು ಕೂಗುವ ತನಕ ಯಾವ ಗೌಡನೂ, ಯಾವ ಗಂಡನೂ ಏನೂ ಮಾಡುವಂತಿಲ್ಲ. ಒಗಟು ಈಗ ಒಡೆಯಿತಲ್ಲ?

ಆ ಕಾಲದಲ್ಲಿ ಭರಮಪ್ಪ ಎಂಬ ಕುಳದ ಹೆಂಡತಿ ನಿಂಬೆವ್ವ. ಮದುವೆಯಾದಾಗಿನಿಂದ ಅವಳ ಹೊಟ್ಟೆ ಬರಿದಾಗಿದ್ದದ್ದು ಕಡಿಮೆ. ಉಳಿದದ್ದು ಎರಡು ಹೆಣ್ಣು, ಮಣ್ಣಾದವು ಅದಕ್ಕಿಂತ ಹೆಚ್ಚು. ಕಡೆಯ ಹೆರಿಗೆಯಲ್ಲಿ ಅವಳೂ ಹೋಗಿಯೇ ಬಿಟ್ಟಳು ಎಂದುಕೊಂಡು ಮನೆಯವರು ಅಳುವುದಕ್ಕೆ ಶುರು ಮಾಡಿದ್ದರಂತೆ. ಇನ್ನೊಂದು ಬಸಿರು ನಿಂತರೆ ಈಕೆ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಭರಮಪ್ಪನಿಗೆ ಹೇಳಿದಳು. ಭರಮಪ್ಪ ಅದು ಗಂಡಸಿನ ಮುಂದೆ ಆಡುವ ಮಾತಲ್ಲ ಎಂದು ಅವಳನ್ನು ಗದರಿಸಿ ಕಳಿಸಿದ. ಗಂಡುಮಗು ಹುಟ್ಟುವವರೆಗೆ ತನಗೆ ಬಿಡುವಿಲ್ಲ ಎಂಬಂತೆ ಮಾತಾಡುತ್ತಿದ್ದನಂತೆ, ಹೆರುವವನು ತಾನೇ ಎಂಬ ಹಾಗೆ. ನಿಂಬೆವ್ವ ಗಂಡನಿಗೆ ಕೈಮುಗಿದು ಕೇಳಿದಳು, ತವರಿಗೆ ಹೇಳಿ ಕಳಿಸಿದಳು, ಅತ್ತೆ ಹಂಪವ್ವನ ಕಾಲು ಹಿಡಿದಳು. ತವರಿನವರು ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೂತಳು.

ಮೈ ಚೇತರಿಸಿಕೊಂಡು ಮೊದಲ ಸಲ ಹೊರಗಾದಾಗ ನಿಂಬೆವ್ವ ಕಂಬಳಿ, ತಂಬಿಗೆ ತೆಗೆದುಕೊಂಡು ಗುಡ್ಡ ಹತ್ತಿದಳು. ಜೊತೆಗಿದ್ದವರೆಲ್ಲ 'ಆತು' ಎಂದು ಕೂಗಿ ಇಳಿದರು. ಇವಳು ಕೂಗಲಿಲ್ಲ. ಮುಂದಿನ ತಿಂಗಳು ಅವರೆಲ್ಲ ಮತ್ತೆ ಹತ್ತಿದಾಗಲೂ ಇವಳು ಅಲ್ಲೇ ಇದ್ದಳು. ದೊಡ್ಡ ಮಗಳು ರೊಟ್ಟಿಯ ಗಂಟನ್ನು ಗೆರೆಯಾಚೆ ಇಟ್ಟು ಬರುತ್ತಿದ್ದಳು. ಊರಿನವರು ಮೊದಮೊದಲು ನಕ್ಕರು, ಆಮೇಲೆ ಭರಮಪ್ಪನನ್ನು ನೋಡಿ ನಕ್ಕರು. ಅಲ್ಲಿಗೆ ಅವನಿಗೆ ತಡೆಯಲಾಗದೆ ಪಂಚರನ್ನು ಕಟ್ಟಿಕೊಂಡು ಗೆರೆಯ ತನಕ ಹೋದ.

"ಲೇ, ಆತೇನು?" ಎಂದು ಕೇಳಿದ.

"ಇಲ್ಲ."

"ಮಂದಿದೆಲ್ಲ ಮುಗೀತೈತಿ, ನಿಂದೊಂದ್ಯಾಕ ಮುಗೀವಲ್ದು? ಎಷ್ಟು ದಿನಾ ಆದ್ವು ಗೊತ್ತೈತೇನು?"

"ನೀವ ಎಣಿಸಿ ಹೇಳ್ರಿ," ಎಂದಳು ನಿಂಬೆವ್ವ ಒಳಗಿನಿಂದ. "ಹಿರೇರೂ ಕೇಳ್ಲಿ."

ಭರಮಪ್ಪ ಬಾಯಿ ತೆರೆದವನು ಹಾಗೇ ಮುಚ್ಚಿದ. ಪಂಚರು ಕೆಮ್ಮಿದರು, ಒಬ್ಬನಂತೂ ತನ್ನ ಕಾಲಿನ ಉಗುರನ್ನು ಆವತ್ತೇ ಮೊದಲು ಕಂಡವನ ಹಾಗೆ ನೋಡುತ್ತ ನಿಂತ. ಕಟ್ಟೆಗೆ ಮರಳಿ ಮೇಲಿಂದ ಮೇಲೆ ಸಭೆ ನಡೆಸಿದರು. ಹಗ್ಗ ಎಸೆದು ಎಳೆಯೋಣ ಎಂದನೊಬ್ಬ. ಹಗ್ಗದ ಗುಂಟ ಮೈಲಿಗೆ ಹರಿದು ಬರುತ್ತದೆ ಎಂದನಿನ್ನೊಬ್ಬ. ಕಂಬಳಿಗೆ ಮೈಲಿಗೆ ಇಲ್ಲ, ಕಂಬಳಿ ಹೊದಿಸಿ ಹೊತ್ತು ತರೋಣ ಎಂದಾಗ, ಹೊದಿಸುವುದಕ್ಕೆ ಗೆರೆ ದಾಟುವವರು ಯಾರು ಎಂದು ಗೌಡ ಕೇಳಿದ. ಎಲ್ಲರೂ ತಮ್ಮ ತಮ್ಮ ರುಮಾಲು ಮುಟ್ಟಿ ನೋಡಿಕೊಂಡರು. ಭರಮಪ್ಪನಿಗೆ ಎರಡನೆಯ ಮದುವೆ ಮಾಡೋಣವೆಂದರೆ ಮೊದಲ ಹೆಂಡತಿ ಹಸೆಯ ಪಕ್ಕ ಕೂತು ಅಕ್ಕಿಕಾಳು ಹಾಕದೆ ಮದುವೆ ಆಗುವುದಿಲ್ಲ ಎಂಬುದೂ ಅವರೇ ಮಾಡಿದ ಕಟ್ಟಳೆ. ಇದರ ನಡುವೆ ಒಬ್ಬರ ನಂತರ ಒಬ್ಬರಂತೆ ಬೇರೆ ಮನೆಯ ಹೆಂಗಸರೂ ಇಳಿಯಲು ತಡ ಮಾಡತೊಡಗಿದರು. ಸೊಸೆಯಂದಿರು ಮೇಲೆ ಕೂತು ಪಗಡೆ ಆಡುವ ಸದ್ದು ಕಟ್ಟೆಯವರೆಗೆ ಕೇಳುತ್ತಿತ್ತು ಎನ್ನುತ್ತಾರೆ.

ಕೊನೆಗೆ ಗೌಡನಿಗೆ ಬುದ್ಧಿ ಹೊಳೆಯಿತು. ಗಂಡಸು ಹೋಗುವಂತಿಲ್ಲ, ಹೆಂಗಸು ಹೋಗಬಹುದಲ್ಲ? ಹಂಪವ್ವನೇ ಹತ್ತಲಿ, ಸೊಸೆಯ ಬಟ್ಟೆ ನೋಡಿ ಬರಲಿ. ಬಟ್ಟೆ ಒಣಗಿದ್ದರೆ ದೇವರ ನೇಮಕ್ಕೆ ಸುಳ್ಳು ಹೇಳಿದ ಹಾಗೆ. ಅಂಥವರಿಗೆ ಊರಿಗೂರೇ ಸೇರಿ ಗೆರೆಯ ಈಚೆಯಿಂದ ಕಲ್ಲು ಬೀರುವುದು ಹಳೆಯ ಶಿಕ್ಷೆ. ಕಲ್ಲಿನ ಗುಂಟ ಮೈಲಿಗೆ ಹರಿದು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಊರ ಗಂಡಸರೆಲ್ಲ ಗೆರೆಯ ಈಚೆ ನಿಂತರು. ಕೆಲವರ ಕೈಯಲ್ಲಿ ಆಗಲೇ ಕಲ್ಲುಗಳಿದ್ದವು. ಹಂಪವ್ವ ಕೋಲೂರಿಕೊಂಡು ಹತ್ತಿ, ಗೆರೆ ದಾಟಿ, ತಲೆ ಬಗ್ಗಿಸಿ ಒಳಗೆ ಹೋದಳು.

ಒಳಗೆ ಸೊಸೆ ಎದ್ದು ನಿಂತಿದ್ದಳು. ಮೂಲೆಯಲ್ಲಿ ಮಡಿಸಿಟ್ಟ ಬಟ್ಟೆ ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು. ಹಂಪವ್ವ ಅದನ್ನು ಎತ್ತಿ ನೋಡಿದಳು.

"ಸುಳ್ಳ್ಯಾಕ ಹೇಳಿದಿ?"

"ಖರೆ ಹೇಳಿದಾಗ ಯಾರು ಕೇಳಿದ್ರಿ, ಅತ್ತಿ?"

ಹಂಪವ್ವ ಬಟ್ಟೆಯ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದಳು. ಅವಳು ಹೆತ್ತು ಮಣ್ಣಿಗೆ ಕೊಟ್ಟ ಕೂಸುಗಳ ಲೆಕ್ಕವನ್ನು ಭರಮಪ್ಪನ ಅಪ್ಪನೂ ಯಾವತ್ತೂ ಕೇಳಿರಲಿಲ್ಲ. ಆಮೇಲೆ ಬಟ್ಟೆಯನ್ನು ಇದ್ದ ಹಾಗೆಯೇ ಮಡಿಸಿಟ್ಟು ಹೊರಗೆ ಬಂದು, ಬಂಡೆಯ ಮೇಲೆ ನಿಂತು ಮಗನ ಮುಖ ನೋಡಿ ಹೇಳಿದಳು: "ಇನ್ನೂ ಆಗಿಲ್ಲ. ನಾ ಇರೂತನಕ ಆಗೂದೂ ಇಲ್ಲ. ಸಂಶೆ ಇದ್ದವ ಗೆರಿ ದಾಟಿ ಬಂದು ನೋಡ್ಲಿ." ಒಬ್ಬನೂ ದಾಟಲಿಲ್ಲ. ಕೈಯಲ್ಲಿದ್ದ ಕಲ್ಲುಗಳನ್ನು ಅಲ್ಲಲ್ಲೇ ಇಳಿಸಿ, ಒಬ್ಬರ ಮುಖ ಒಬ್ಬರು ನೋಡದೆ ಗುಡ್ಡ ಇಳಿದರು. ನಿಂಬೆವ್ವ ಮಾತ್ರ ತಲೆ ನರೆಯುವ ತನಕ, ಮೊಮ್ಮಕ್ಕಳು ಹತ್ತಿ ಬಂದು ಆಡುವ ತನಕ ಅಲ್ಲೇ ಇದ್ದಳು. ಅದಕ್ಕೇ ಅವಳು ಇಳಿಯದವ್ವ, ಇದು ಇಳಿಯದವ್ವನ ಗುಡ್ಡ.

ಈಗ ನೀವು ಗುಡ್ಡ ಹತ್ತಿದರೆ ಗುಡಿಯ ಬಾಗಿಲಲ್ಲಿ ಕಮಿಟಿಯವರು ಬರೆಸಿದ ಬೋರ್ಡು ಕಾಣುತ್ತದೆ: ಮುಟ್ಟಾದ ಮಹಿಳೆಯರಿಗೆ ಪ್ರವೇಶವಿಲ್ಲ. ಯಾರ ಮನೆಗೆ ಯಾರನ್ನು ಬಿಡುವುದಿಲ್ಲ ಎಂದು ಕೇಳಿದರೆ ಗದ್ದೆಪ್ಪ ಮತ್ತೆ ಕೊಬ್ಬರಿಗೆ ಕೈ ಹಾಕುತ್ತಾನೆ. ಗುಡಿಯ ಮುಂದೆ ಎದೆಯೆತ್ತರದ ಒಂದು ಕಲ್ಲಿನ ಗುಪ್ಪೆಯೂ ಇದೆ, ಎಲ್ಲ ಒಂದು ಮುಷ್ಟಿಯಲ್ಲಿ ಹಿಡಿಯುವಂಥ ಕಲ್ಲು. ಅವು ಹರಕೆಯ ಕಲ್ಲು ಎನ್ನುತ್ತಾರೆ. ಹರಕೆಗೆ ಹೂವು ಹಾಕುವುದನ್ನು ಕಂಡಿದ್ದೇನೆ, ಕಾಯಿ ಒಡೆಯುವುದನ್ನು ಕಂಡಿದ್ದೇನೆ. ಕಲ್ಲು ಬೀರುವ ಹರಕೆ ಎಂಥದ್ದೋ ನನಗೆ ತಿಳಿಯದು. ಗಂಡಸರು ಕೈಯಿಂದ ಇಳಿಸಿ ಹೋದ ಕಲ್ಲುಗಳಾದರೆ ಗೆರೆಯ ಈಚೆ ಚೆಲ್ಲಾಪಿಲ್ಲಿ ಬಿದ್ದಿರಬೇಕಿತ್ತು. ಇವು ಗೆರೆಯ ಒಳಗೆ, ಬಂಡೆಯ ಬುಡದಲ್ಲಿಯೇ ಒಟ್ಟಿಕೊಂಡಿವೆ.

ಹಂಪವ್ವ ಗೆರೆ ದಾಟಿ ಒಳಗೆ ಹೋದಳು ಎನ್ನುವ ತನಕ ಅಜ್ಜಿ ಹೇಳಿದ್ದು. ಅಲ್ಲಿಗೆ ಬಂದಾಗ ಪ್ರತಿ ಸಲವೂ ಅವಳು ಮಾತು ನಿಲ್ಲಿಸಿ ಎದ್ದು ಹೋಗುತ್ತಾಳೆ. ಎಷ್ಟು ಕಾಡಿದರೂ ಮುಂದೆ ಏನಾಯಿತೆಂದು ಹೇಳಿದವಳಲ್ಲ. ಒಣಗಿದ ಬಟ್ಟೆ, ಅತ್ತೆಯ ಮಾತು, ಇಳಿದು ಹೋದ ಗಂಡಸರು, ಹತ್ತಿ ಬಂದ ಮೊಮ್ಮಕ್ಕಳು, ಅದೆಲ್ಲ ನಾನು ಕಟ್ಟಿದ್ದು.