ನರಿಮಾವನಿಗೆ ಬಾರದ ಮನೆಮಾತು

ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳ ಗಂಡ ತೀರಿಕೊಂಡ ವಾರವೇ ಕಾಡಿನ ಯಜಮಾನ ಮುಸುವ ಮರದ ಮೇಲೆ ಕುಳಿತು ಹೇಳಿದ್ದ: "ಅಕ್ಷರ ಬಾರದ ಒಂಟಿ ಹೆಂಗಸು. ಮಗಳನ್ನು ಶಾಲೆಗೆ ಕಳಿಸುತ್ತಾಳಂತೆ! ಇವಳ ಕೈಲಿ ಆಗುವ ಕೆಲಸವೇ ಇದು?"

ಸೂಜವ್ವ ಶಾಲೆಯ ಹಿಂದಿನ ಪೊದೆಯಲ್ಲಿ ಗೆಡ್ಡೆ ಅಗೆಯುತ್ತಾ ಪಾಠ ಇಣುಕಿ ನೋಡಿದಳು. ಉದುರಿದ ಮುಳ್ಳಿನಿಂದ ಮಣ್ಣಿನ ಮೇಲೆ ಗೀಚಿ ಗೀಚಿ ತಾನೇ ಅಕ್ಷರ ಕಲಿತಳು. ಆಮೇಲೆ ಕಡ್ಡಿ ಎಂಬ ತನ್ನ ಮಗಳನ್ನು ಅದೇ ಶಾಲೆಗೆ ಸೇರಿಸಿದಳು.

ಶಾಲೆಯ ದಾರಿ ಹಳ್ಳದ ದಂಡೆಯ ಮೇಲಿತ್ತು. ಒಂದು ದಿನ ಆ ದಾರಿಯಿಂದ ಮೊಲದ ಮರಿ ಒಂದು ಕಿವಿ ಕಳೆದುಕೊಂಡು ಓಡಿಬಂತು. ಎಲ್ಲರೂ ಮುಸುವನ ಮರದ ಕೆಳಗೆ ಸೇರಿದರು.

"ಯಾರೋ ಮಾವ ಬಂದಿದ್ದರು. ಅಮ್ಮ ಕರೀತಿದ್ದಾಳೆ, ಬಾ ಅಂದರು," ಎಂದು ಮರಿ ಅತ್ತಿತು.

"ಪೊದೆಯಂಥ ಬಾಲ? ಚೂಪು ಮೂತಿ?" ಎಂದು ಮುಸುವ ಕೇಳಿದ.

"ಹೂಂ."

"ಅದು ನರಿ ಕಣೋ! ನೀನೇಕೆ ಅವನ ಹಿಂದೆ ಹೋದೆ?" ಎಂದು ಎಲ್ಲರೂ ಮರಿಯನ್ನೇ ಗದರಿದರು.

ಮುಸುವ ತೀರ್ಪು ಕೊಟ್ಟ. "ನಾಳೆಯಿಂದ ಯಾವ ಮರಿಯೂ ಶಾಲೆಗೆ ಹೋಗುವುದು ಬೇಡ. ಬಿಲದಲ್ಲೇ ಬಿದ್ದಿರಲಿ."

ಸೂಜವ್ವನ ಮುಳ್ಳುಗಳು ಜಲ್ಲೆಂದು ಎದ್ದು ನಿಂತವು.

"ಕಚ್ಚಿದವನು ನರಿ, ಬಾಗಿಲು ಹಾಕುವುದು ಮರಿಗಳಿಗೆ! ಚೆನ್ನಾಗಿದೆ ಯಜಮಾನರೇ ನಿಮ್ಮ ನ್ಯಾಯ! ಸಿಕ್ಕವರನ್ನೆಲ್ಲ ಮಾವ ಅನ್ನು, ದೊಡ್ಡವರಿಗೆ ಎದುರು ಮಾತಾಡಬೇಡ ಅಂತ ಕಲಿಸಿದವರು ಯಾರು? ನಾವು. ಕಲಿಸಿದ್ದನ್ನೇ ಮಾಡಿದ ಮರಿಗೆ ಈಗ ಬೈಗುಳವೇ?"

"ಬಾಯಿ ಜೋರು ನಿನಗೆ. ನಿನ್ನ ಮಗಳಿಗೆ ಏನಾದರೂ ಆದರೆ ನಮ್ಮನ್ನು ಕೇಳಬೇಡ."

"ನಿಮ್ಮನ್ನು ಯಾವತ್ತು ಕೇಳಿದ್ದೇನೆ?"

ಬಿಲಕ್ಕೆ ಬಂದು ಸೂಜವ್ವ ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ಕಡ್ಡೀ, ಇವತ್ತಿನಿಂದ ನಮಗೊಂದು ಮನೆಮಾತು. ನಿನಗೆ ನನಗೆ ಬಿಟ್ಟು ಯಾರಿಗೂ ಗೊತ್ತಿರಬಾರದು. ನಾನು ಯಾರನ್ನಾದರೂ ಕಳಿಸಿದರೆ ಆ ಮಾತು ಹೇಳಿಯೇ ಕಳಿಸುತ್ತೇನೆ. ಅದನ್ನು ಹೇಳದವನು ಮಾವನಾಗಲಿ, ಮಹಾರಾಜನಾಗಲಿ, ಹತ್ತಿರ ಹೋಗಬೇಡ. ಕೂಗು. ಓಡು."

"ಕೂಗಿದರೆ ಮರ್ಯಾದೆ ಇಲ್ಲದವಳು ಅಂತಾರಲ್ಲವ್ವಾ?"

"ಅನ್ನಲಿ. ಮರ್ಯಾದೆ ನಾಳೆ ಕಲಿಯಬಹುದು. ಹೋದ ಕಿವಿ ನಾಳೆ ಬರಲ್ಲ."

ಅವಳು ಮಗಳ ಕಿವಿಯಲ್ಲಿ ಆ ಮಾತು ಹೇಳಿದಳು.

ಮರುದಿನ ಶಾಲೆಗೆ ಹೊರಟವಳು ಕಡ್ಡಿ ಒಬ್ಬಳೇ. ಕೂಗಳತೆಯ ದೂರದಲ್ಲಿ ಸೂಜವ್ವ ಗೆಡ್ಡೆ ಅಗೆಯುತ್ತಾ ಹಿಂದೆ ಬರುತ್ತಿದ್ದಳು. ಹಳ್ಳದ ತಿರುವಿನಲ್ಲಿ ನರಿ ಎದುರಾದ.

"ಅಯ್ಯೋ ಕಡ್ಡಿ ಪುಟ್ಟೀ! ಎಷ್ಟು ಬೆಳೆದುಬಿಟ್ಟಿದ್ದೀಯೇ! ನಾನು ನಿನ್ನ ಸೋದರಮಾವ ಕಣೇ. ನಿಮ್ಮವ್ವ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ನಿನ್ನನ್ನು ಕರಕೊಂಡು ಬಾ ಅಂದಳು."

ತನ್ನ ಹೆಸರು ಅವನಿಗೆ ಗೊತ್ತಿದೆ! ಕಡ್ಡಿಗೆ ಅರೆಕ್ಷಣ ನಂಬಿಕೆ ಬಂತು. ಅವ್ವನ ಕಾಲು ನೆನೆದು ಅಳುವೂ ಬಂತು. ಆದರೂ ಅವಳು ನಿಂತಲ್ಲಿಂದಲೇ ಕೇಳಿದಳು: "ನಮ್ಮ ಮನೆಮಾತು ಹೇಳು."

ನರಿ ಹೊಟ್ಟೆ ಹಿಡಿದು ನಕ್ಕ. "ಮನೆಮಾತಾ? ಇಷ್ಟೇನಾ? ಮುಳ್ಳುಹಂದಿಗಳು ಮನೆಯಲ್ಲಿ ಆಡೋ ಮಾತು ನನಗೆ ಬರಲ್ವೇನೇ? ಗುರ್ ಗುರ್! ಗುರ್ ಗುರ್! ನೋಡು, ನಿಮ್ಮವ್ವನಿಗಿಂತ ಚೆನ್ನಾಗಿ ಆಡ್ತೀನಿ."

"ಅವ್ವಾ! ನರಿ! ನರಿ!" ಕಡ್ಡಿ ಕಾಡೆಲ್ಲ ಕೇಳುವಂತೆ ಕಿರುಚುತ್ತಾ ಬಂದ ದಾರಿಯಲ್ಲೇ ಓಡಿದಳು. ನರಿ ಹಾರಿ ಬಾಯಿ ಹಾಕಿದ. ಬಾಯಿಗೆ ಸಿಕ್ಕಿದ್ದು ಕಡ್ಡಿಯಲ್ಲ, ನಡುವೆ ನುಗ್ಗಿದ್ದ ಸೂಜವ್ವನ ಬೆನ್ನು.

"ಸೋದರಮಾವ ಅಂದೆಯಲ್ಲ! ತಂಗಿ ಹತ್ತಿರ ಬಂದ ಅಣ್ಣನನ್ನು ಬರಿಗೈಲಿ ಕಳಿಸ್ತಾರಾ? ತಗೋ ಅಣ್ಣಾ, ಇನ್ನೂ ತಗೋ!" ಎಂದು ಸೂಜವ್ವ ಹಿಮ್ಮುಖವಾಗಿ ಅವನ ಮೇಲೆ ನುಗ್ಗಿದಳು.

ನರಿಯ ತುಟಿ, ನಾಲಿಗೆ, ಮೂಗಿನ ತುಂಬ ಮುಳ್ಳು. ತುಟಿ ಕೂಡಿಸದೆ 'ಮಾವ' ಎನ್ನಲು ಬರುವುದಿಲ್ಲ. "ಆವ... ಊವ..." ಎಂದು ಊಳಿಡುತ್ತಾ ಅವನು ಕಾಡು ಬಿಟ್ಟು ಓಡಿದ.

ಸಂಜೆ ಮುಸುವ ಕೆಳಗಿಳಿದು ಬಂದ. "ನಿನ್ನ ಕೈಲಿ ಆಗುತ್ತೆ ಅಂತ ನನಗೆ ಗೊತ್ತಿತ್ತು ಸೂಜವ್ವ."

"ನನಗೂ ಗೊತ್ತಿತ್ತು ಯಜಮಾನರೇ. ನಿಮಗಿಂತ ಮೊದಲೇ."

ಶಾಲೆ ಮುಚ್ಚಲಿಲ್ಲ. ಈಗ ಆ ಕಾಡಿನಲ್ಲಿ ಪ್ರತಿ ಮನೆಗೂ ಒಂದು ಮನೆಮಾತಿದೆ. ಕಿವಿ ಕಳೆದುಕೊಂಡ ಮೊಲದ ಮರಿಯೂ ಶಾಲೆಗೆ ಬರುತ್ತಿದೆ. ಸೂಜವ್ವನ ಮನೆಮಾತು ಏನೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಅವಳ ಬಳಿ ಇವತ್ತು ತಾನೇ ತೋಡಿದ ಒಂದು ಬಿಲವಿದೆ, ತಾನೇ ಕಲಿತ ಅಕ್ಷರವಿದೆ, ಎರಡು ಕಿವಿಯೂ ಇರುವ ಮಗಳಿದ್ದಾಳೆ. ಇದಕ್ಕೆ ಅವಳು ತೆತ್ತದ್ದು ಬೆನ್ನಿನ ಅರ್ಧದಷ್ಟು ಮುಳ್ಳು. ಅಲ್ಲಿ ಹಲ್ಲಿನ ಗಾಯವಾಗಿ ಮುಳ್ಳು ಮತ್ತೆ ಹುಟ್ಟಲಿಲ್ಲ. ಚಳಿಗಾಲದಲ್ಲಿ ಗಾಳಿ ತಾಗುತ್ತದೆ. ತಾಗಲಿ.

ನೀತಿ: ಹೆಸರು ಹಿಡಿದು ಕರೆದವರೆಲ್ಲ ನಮ್ಮವರಲ್ಲ. ದಾರಿಯಲ್ಲಿ ಅಪರಿಚಿತರು ಕರೆದರೆ ಹೋಗಬೇಡಿ. ಕೂಗಿ, ಓಡಿ, ಮನೆಯವರಿಗೆ ಹೇಳಿ. ದೊಡ್ಡವರೇ, ತಪ್ಪು ನರಿಯದಾದಾಗ ಮರಿಯನ್ನು ಬೈಯಬೇಡಿ.